ಒಳಗಿನ ವಿಎಂನಿಂದ ಗೇಟ್‌ವೇವರೆಗೆ ಪಿಂಗ್ ಹೋಗುತ್ತದೆ, ಅದರಾಚೆ ಹೋಗುವುದಿಲ್ಲ

ಕಪ್ಪುಪರದೆ:

ಲಿನಕ್ಸ್ ಅಡ್ಮಿನ್ ಕೆಲಸ ಮತ್ತು ನೆಟ್‌ವರ್ಕಿಂಗ್ ಒಟ್ಟಿಗೇ ಕಲಿಯಲು ವರ್ಚುವಲ್‌ಬಾಕ್ಸ್‌ನಲ್ಲಿ ಡೆಬಿಯನ್ 12ರ ಎರಡು ವಿಎಂ (ಕಂಪ್ಯೂಟರ್ ಒಳಗೇ ನಡೆಯುವ ವರ್ಚುವಲ್ ಯಂತ್ರ) ಮಾಡಿಕೊಂಡಿದ್ದೇನೆ. ಎರಡಕ್ಕೂ 1 ಜಿಬಿ ರ‍್ಯಾಮ್, 10 ಜಿಬಿ ಡಿಸ್ಕ್. ಡೆಸ್ಕ್‌ಟಾಪ್ ಹಾಕಿಲ್ಲ.

ಮೊದಲನೆಯದು ರೂಟರ್. ಅದರ ಹೊರಗಿನ ಕಾರ್ಡ್ ಇಎನ್‌ಪಿ0ಎಸ್3 ಬ್ರಿಜ್ಡ್ ಮೋಡ್‌ನಲ್ಲಿದೆ (ನೇರ ಮನೆಯ ನೆಟ್‌ವರ್ಕ್‌ಗೆ ಸೇರಿದೆ), ಮನೆಯ ವೈಫೈ ರೂಟರ್‌ನಿಂದ 192.168.1.40 ಸಿಕ್ಕಿದೆ. ಒಳಗಿನ ಕಾರ್ಡ್ ಇಎನ್‌ಪಿ0ಎಸ್8 ವಿಎಂಗಳ ನಡುವೆ ಮಾತ್ರ ಇರುವ ಇಂಟರ್ನಲ್ ನೆಟ್‌ವರ್ಕ್‌ನಲ್ಲಿದೆ, ನಾನೇ ಕೊಟ್ಟ ವಿಳಾಸ 192.168.50.1/24. ಎರಡನೆಯದು ಕ್ಲೈಂಟ್: 192.168.50.10/24, ಗೇಟ್‌ವೇ 192.168.50.1.

ಕ್ಲೈಂಟ್‌ನಿಂದ 192.168.50.1ಕ್ಕೆ ಪಿಂಗ್ ಹೋಗುತ್ತದೆ. 192.168.1.40ಕ್ಕೂ ಹೋಗುತ್ತದೆ, ಅಂದರೆ ಫಾರ್ವರ್ಡಿಂಗ್ (ಒಂದು ಕಾರ್ಡ್‌ಗೆ ಬಂದ ಪ್ಯಾಕೆಟ್ ಇನ್ನೊಂದರಿಂದ ದಾಟಿಸುವುದು) ಸರಿಯಿದೆ ಎಂದುಕೊಂಡೆ. ಆದರೆ ವೈಫೈ ರೂಟರ್‌ನ ವಿಳಾಸ 192.168.1.1ಕ್ಕೆ ಪಿಂಗ್ ಮಾಡಿದರೆ ಯಾವ ಎರರ್ ಕೂಡ ಬರುವುದಿಲ್ಲ, ಸುಮ್ಮನೆ 100% ಲಾಸ್. ರೂಟರ್ ವಿಎಂನಿಂದ ಇಂಟರ್‌ನೆಟ್ ಚೆನ್ನಾಗಿ ಸಿಗುತ್ತಿದೆ. ನಿನ್ನೆ ಪ್ರಾಕ್ ಡೈರೆಕ್ಟರಿ ಒಳಗಿನ ಐಪಿ ಫಾರ್ವರ್ಡ್ ಫೈಲ್‌ಗೆ 1 ಬರೆದಿದ್ದೆ. ಎಲ್ಲಿ ತಪ್ಪಿದೆ? ಇದು ಮುಗಿದ ಮೇಲೆ ಏನನ್ನು ಕಲಿಯಬೇಕು ಅನ್ನುವುದನ್ನೂ ಹೇಳಿದರೆ ಉಪಕಾರ.

ಪ್ಯಾಕೆಟ್‌ಪಹರೆ:

ಮೊದಲು ಆ 192.168.1.40ರ ಪಿಂಗ್ ವಿಷಯ. ಅದರಿಂದ ಫಾರ್ವರ್ಡಿಂಗ್ ಬಗ್ಗೆ ಏನೂ ಗೊತ್ತಾಗುವುದಿಲ್ಲ. ಲಿನಕ್ಸ್‌ನಲ್ಲಿ ಐಪಿ ವಿಳಾಸ ಇಡೀ ಯಂತ್ರಕ್ಕೆ ಸೇರಿದ್ದು, ಒಂದು ಕಾರ್ಡ್‌ಗೆ ಮಾತ್ರವಲ್ಲ. ಪ್ಯಾಕೆಟ್ ಒಳಗಿನ ಕಾರ್ಡ್‌ಗೆ ಬಂದರೂ "ಇದು ನನ್ನದೇ ವಿಳಾಸ" ಎಂದು ಕರ್ನಲ್ ಅಲ್ಲೇ ಉತ್ತರ ಕೊಟ್ಟುಬಿಡುತ್ತದೆ. ಫಾರ್ವರ್ಡಿಂಗ್ ಪೂರ್ತಿ ಆಫ್ ಇದ್ದರೂ ಈ ಪಿಂಗ್ ಹೋಗುತ್ತದೆ. ಈ ಪರೀಕ್ಷೆಯನ್ನು ನಂಬಿ ಗಂಟೆಗಟ್ಟಲೆ ಬೇರೆ ಕಡೆ ಹುಡುಕುವವರು ಬಹಳ.

ನಿನ್ನೆ ಬರೆದ 1, ಮಧ್ಯೆ ವಿಎಂ ರೀಬೂಟ್ ಆಗಿದ್ದರೆ, ಮತ್ತೆ 0 ಆಗಿರುತ್ತದೆ. ಪ್ರಾಕ್‌ನಲ್ಲಿ ಇರುವುದು ನಿಜವಾದ ಫೈಲ್ ಅಲ್ಲ, ಕರ್ನಲ್‌ನ ಸದ್ಯದ ಸ್ಥಿತಿ. ಒಮ್ಮೆ ಓದಿ ನೋಡಿ.

ಆಮೇಲೆ ಊಹೆ ಬೇಡ. ರೂಟರ್ ವಿಎಂನಲ್ಲಿ ಟಿಸಿಪಿಡಂಪ್ (ಹಾದುಹೋಗುವ ಪ್ಯಾಕೆಟ್ ತೋರಿಸುವ ಉಪಕರಣ) ಹಾಕಿ, ಎರಡು ಟರ್ಮಿನಲ್ ತೆರೆದು, ಒಂದರಲ್ಲಿ ಒಳಗಿನ ಕಾರ್ಡ್, ಇನ್ನೊಂದರಲ್ಲಿ ಹೊರಗಿನ ಕಾರ್ಡ್ ನೋಡುತ್ತಾ ಕೂರಿ. ಐಸಿಎಂಪಿ (ಪಿಂಗ್ ಬಳಸುವ ಪ್ರೋಟೋಕಾಲ್) ಮಾತ್ರ ಸೋಸಿ, ಹೆಸರು ಹುಡುಕದಂತೆ "ಎನ್" ಆಯ್ಕೆ ಕೊಡಿ. ಕ್ಲೈಂಟ್‌ನಿಂದ ಪಿಂಗ್ ಬಿಟ್ಟಾಗ ಹೀಗೆ ಓದಿಕೊಳ್ಳಿ:

ಒಳಗೆ ಕಾಣುತ್ತದೆ, ಹೊರಗೆ ಕಾಣುವುದಿಲ್ಲ: ಫಾರ್ವರ್ಡಿಂಗ್ ಆಫ್ ಇದೆ, ಇಲ್ಲವೇ ಫೈರ್‌ವಾಲ್‌ನ ಫಾರ್ವರ್ಡ್ ಚೈನ್ (ದಾಟಿಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿ) ತಡೆಯುತ್ತಿದೆ.

ಹೊರಗೂ ಕಾಣುತ್ತದೆ, ಆದರೆ ಮೂಲ ವಿಳಾಸ 192.168.50.10 ಎಂದೇ ಇದೆ, ಉತ್ತರ ಇಲ್ಲ: ನ್ಯಾಟ್ (ಮೂಲ ವಿಳಾಸವನ್ನು ರೂಟರ್ ವಿಎಂನ ವಿಳಾಸಕ್ಕೆ ಬದಲಿಸುವುದು) ಇಲ್ಲ. ಪ್ಯಾಕೆಟ್ ವೈಫೈ ರೂಟರ್ ತಲುಪಿದೆ, ಆದರೆ 192.168.50.0/24 ಎಲ್ಲಿದೆ ಎಂದು ಅದಕ್ಕೆ ಗೊತ್ತಿಲ್ಲ, ಹಾಗಾಗಿ ಉತ್ತರವನ್ನು ಬೇರೆ ದಿಕ್ಕಿಗೆ ಕಳಿಸುತ್ತದೆ.

ಹೊರಗೆ ಮೂಲ ವಿಳಾಸ 192.168.1.40 ಆಗಿದೆ, ಉತ್ತರವೂ ಬಂದಿದೆ, ಒಳಗೆ ಮಾತ್ರ ದಾಟಿಲ್ಲ: ಫಾರ್ವರ್ಡ್ ಚೈನ್ ಹೋಗುವುದನ್ನು ಬಿಡುತ್ತಿದೆ, ಬರುವುದನ್ನು ಬಿಡುತ್ತಿಲ್ಲ. ಎಸ್ಟಾಬ್ಲಿಷ್ಡ್, ರಿಲೇಟೆಡ್ (ಈಗಾಗಲೇ ಶುರುವಾದ, ಅವಕ್ಕೆ ಸಂಬಂಧಿಸಿದ) ಸಂಪರ್ಕಗಳಿಗೆ ಅನುಮತಿ ಕೊಡುವ ಸಾಲು ಬಿಟ್ಟುಹೋಗಿದೆ.

ಹೊರಹೋಗುವ ಪ್ಯಾಕೆಟ್ ಟಿಸಿಪಿಡಂಪ್‌ಗೆ ಕಾಣುವುದು ನ್ಯಾಟ್ ಆದ ನಂತರ. ಅದಕ್ಕೇ ಈ ಲೆಕ್ಕ ನಡೆಯುತ್ತದೆ.

ಕಪ್ಪುಪರದೆ:

ರೀಬೂಟ್ ಆಗಿತ್ತು, ಬೆಲೆ 0 ಇತ್ತು. 1 ಮಾಡಿದ ಮೇಲೆ ನೀವು ಹೇಳಿದ ಎರಡನೆಯ ಸ್ಥಿತಿ: ಹೊರಗೆ 192.168.50.10 ಎಂದೇ ಕಾಣುತ್ತಿದೆ, ಉತ್ತರ ಇಲ್ಲ.

ಸಂರಚನೆ_ಫೈಲ್:

ಹಾಗಾದರೆ ಎರಡು ದಾರಿ ಇವೆ, ಎರಡನ್ನೂ ಮಾಡಿ ನೋಡಿ.

ಒಂದು, ನ್ಯಾಟ್. ಡೆಬಿಯನ್ 10ರಿಂದ ಎನ್‌ಎಫ್‌ಟೇಬಲ್ಸ್ ಪೂರ್ವನಿಯೋಜಿತ ಫೈರ್‌ವಾಲ್ ಚೌಕಟ್ಟು, ಹೊಸದಾಗಿ ಕಲಿಯುವವರು ಅದನ್ನೇ ಹಿಡಿಯುವುದು ಒಳ್ಳೆಯದು. ಇಟಿಸಿ ಒಳಗಿನ ಎನ್‌ಎಫ್‌ಟೇಬಲ್ಸ್ ಕಾನ್ಫ್ ಫೈಲ್‌ನಲ್ಲಿ ಐಪಿ ಕುಟುಂಬದ ಒಂದು ಟೇಬಲ್, ಅದರೊಳಗೆ ನ್ಯಾಟ್ ಬಗೆಯ ಒಂದು ಚೈನ್, ಹುಕ್ ಪೋಸ್ಟ್‌ರೌಟಿಂಗ್ (ಪ್ಯಾಕೆಟ್ ಹೊರಡುವ ಮುಂಚಿನ ಕೊನೆಯ ಹಂತ), ಆದ್ಯತೆ 100. ನಿಯಮ ಒಂದೇ ಸಾಲು: ಹೊರಡುವ ಇಂಟರ್‌ಫೇಸ್ ಇಎನ್‌ಪಿ0ಎಸ್3 ಆಗಿದ್ದರೆ ಮಾಸ್ಕರೇಡ್, ಅಂದರೆ ಮೂಲ ವಿಳಾಸವನ್ನು ಆ ಕಾರ್ಡ್‌ನ ವಿಳಾಸಕ್ಕೆ ಬದಲಿಸು. ಆ ಇಂಟರ್‌ಫೇಸ್ ಷರತ್ತನ್ನು ಬಿಡಬೇಡಿ. ಬಿಟ್ಟರೆ ಒಳಕ್ಕೆ ಹೋಗುವ ಸಂಪರ್ಕಗಳ ವಿಳಾಸವೂ ಬದಲಾಗಿ, ಕ್ಲೈಂಟ್‌ನ ಲಾಗ್‌ನಲ್ಲಿ ಎಲ್ಲವೂ 192.168.50.1ರಿಂದಲೇ ಬಂದಂತೆ ಕಾಣುತ್ತದೆ.

ಲೋಡ್ ಮಾಡುವ ಮುನ್ನ ಎನ್‌ಎಫ್‌ಟಿ ಆದೇಶದ "ಸಿ" ಆಯ್ಕೆಯಿಂದ ಬರೀ ತಪಾಸಣೆ ಮಾಡಿಕೊಳ್ಳಿ. ಡೆಬಿಯನ್‌ನಲ್ಲಿ ಎನ್‌ಎಫ್‌ಟೇಬಲ್ಸ್ ಸರ್ವಿಸ್ ತಾನಾಗಿ ಎನೇಬಲ್ ಆಗಿರುವುದಿಲ್ಲ, ಸಿಸ್ಟಮ್‌ಸಿಟಿಎಲ್‌ನಿಂದ ನೀವೇ ಮಾಡಬೇಕು. ಇಲ್ಲದಿದ್ದರೆ ಮುಂದಿನ ಬೂಟ್‌ಗೆ ನಿಯಮ ಮಾಯ. ಫಾರ್ವರ್ಡಿಂಗ್‌ಗೂ ಹಾಗೆಯೇ: ಸಿಸಿಟಿಎಲ್ ಡಾಟ್ ಡಿ ಡೈರೆಕ್ಟರಿಯಲ್ಲಿ, ಕೊನೆಯಲ್ಲಿ ಡಾಟ್ ಕಾನ್ಫ್ ಇರುವ ಒಂದು ಫೈಲ್ ಮಾಡಿ ಬರೆಯಿರಿ. ಹಳೆಯ ಪಾಠಗಳು ಇಟಿಸಿಯಲ್ಲೇ ಇರುವ ಸಿಸಿಟಿಎಲ್ ಡಾಟ್ ಕಾನ್ಫ್‌ಗೆ ಬರೆಯಲು ಹೇಳುತ್ತವೆ. ಡೆಬಿಯನ್ 13ರಲ್ಲಿ ಬೂಟ್ ವೇಳೆ ಅದನ್ನು ಓದುವುದೇ ಇಲ್ಲ.

ಎರಡನೆಯ ದಾರಿ: ನ್ಯಾಟ್ ತೆಗೆದು, ವೈಫೈ ರೂಟರ್‌ನಲ್ಲಿ ಸ್ಟ್ಯಾಟಿಕ್ ರೂಟ್ ಸೌಲಭ್ಯ ಇದ್ದರೆ "192.168.50.0/24ಕ್ಕೆ 192.168.1.40 ಮೂಲಕ ಹೋಗು" ಎಂದು ಹಾಕಿ. 192.168.1.1ರಿಂದ ಆಗ ಉತ್ತರ ಬರಬೇಕು. ಹಿಂದಿರುಗುವ ದಾರಿ ಅಂದರೇನು ಎಂಬುದು ಇದರಲ್ಲಿ ಅರ್ಥವಾಗುವಷ್ಟು ನ್ಯಾಟ್‌ನಲ್ಲಿ ಆಗುವುದಿಲ್ಲ.

ಇನ್ನೊಂದು ಮಾತು, ರೂಟರ್ ವಿಎಂನ ಒಳಗಿನ ಕಾರ್ಡ್‌ಗೆ ಗೇಟ್‌ವೇ ಸಾಲು ಹಾಕಲೇಬೇಡಿ. ಎರಡು ಡೀಫಾಲ್ಟ್ ರೂಟ್ ಆದರೆ ಒಂದು ಬೂಟ್‌ನಲ್ಲಿ ಇಂಟರ್‌ನೆಟ್ ಇರುತ್ತದೆ, ಇನ್ನೊಂದರಲ್ಲಿ ಇರುವುದಿಲ್ಲ.

ಕಪ್ಪುಪರದೆ:

ಮಾಸ್ಕರೇಡ್ ಹಾಕಿದೆ, 1.1.1.1ಕ್ಕೆ ಪಿಂಗ್ ಹೋಗುತ್ತಿದೆ! ಆದರೆ ಎಪಿಟಿ ಅಪ್‌ಡೇಟ್ (ಪ್ಯಾಕೇಜ್ ಪಟ್ಟಿ ತರುವ ಆದೇಶ) ಕೊಟ್ಟರೆ "ಟೆಂಪರರಿ ಫೇಲ್ಯೂರ್ ರಿಸಾಲ್ವಿಂಗ್" ಎನ್ನುತ್ತಿದೆ.

ಪ್ಯಾಕೆಟ್‌ಪಹರೆ:

ಅದು ಡಿಎನ್‌ಎಸ್, ಅಂದರೆ ಹೆಸರಿನಿಂದ ಐಪಿ ವಿಳಾಸ ಹುಡುಕುವ ವ್ಯವಸ್ಥೆ. ಕ್ಲೈಂಟ್‌ಗೆ ವಿಳಾಸವನ್ನು ನೀವೇ ಕೊಟ್ಟಿರುವುದರಿಂದ ನೇಮ್‌ಸರ್ವರ್ ಯಾವುದೆಂದು ಅದಕ್ಕೆ ಯಾರೂ ಹೇಳಿಲ್ಲ. ರಿಸಾಲ್ವ್ ಡಾಟ್ ಕಾನ್ಫ್‌ನಲ್ಲಿ ನೇಮ್‌ಸರ್ವರ್ 192.168.1.1 ಎಂದು ಹಾಕಿ. ಪರೀಕ್ಷಿಸಲು ಡಿಗ್‌ಗಿಂತ "ಗೆಟೆಂಟ್ ಹೋಸ್ಟ್ಸ್" ಒಳ್ಳೆಯದು. ಡಿಗ್ ನೇರವಾಗಿ ನೇಮ್‌ಸರ್ವರ್‌ಗೆ ಹೋಗುತ್ತದೆ, ಹೋಸ್ಟ್ಸ್ ಫೈಲ್ ನೋಡುವುದಿಲ್ಲ. ಗೆಟೆಂಟ್ ಮಾತ್ರ ಉಳಿದ ಪ್ರೋಗ್ರಾಂಗಳು ಹೋಗುವ ದಾರಿಯಲ್ಲೇ ಹೋಗುತ್ತದೆ.

ಎರರ್‌ಗಳನ್ನು ಓದುವ ಅಭ್ಯಾಸ ಈಗಲೇ ಮಾಡಿಕೊಳ್ಳಿ. "ನೆಟ್‌ವರ್ಕ್ ಈಸ್ ಅನ್‌ರೀಚಬಲ್" ಎಂದರೆ ನಿಮ್ಮ ಯಂತ್ರದ ರೂಟಿಂಗ್ ಟೇಬಲ್‌ನಲ್ಲೇ ದಾರಿ ಇಲ್ಲ. "ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್" ನಿಮ್ಮದೇ ವಿಳಾಸದಿಂದ ಬಂದರೆ ದಾರಿ ಇದೆ, ಎಆರ್‌ಪಿಗೆ ("ಈ ಐಪಿ ಯಾರದು" ಎಂಬ ಕೂಗಿಗೆ) ಯಾರೂ ಓಗೊಡುತ್ತಿಲ್ಲ. "ಐಪಿ ನೈಬರ್" ಪಟ್ಟಿಯಲ್ಲಿ ಅದು ಫೇಲ್ಡ್ ಎಂದು ಕಾಣುತ್ತದೆ. "ಕನೆಕ್ಷನ್ ರಿಫ್ಯೂಸ್ಡ್" ಬಂದರೆ ಸಾಮಾನ್ಯವಾಗಿ ಒಳ್ಳೆಯ ಸುದ್ದಿ: ನೆಟ್‌ವರ್ಕ್ ಸರಿಯಿದೆ, ಆ ಪೋರ್ಟ್‌ನಲ್ಲಿ ಯಾರೂ ಕೇಳುತ್ತಿಲ್ಲ. ಸರ್ವರ್‌ನಲ್ಲಿ "ಎಸ್‌ಎಸ್" ಆದೇಶಕ್ಕೆ "ಟಿಎಲ್‌ಎನ್‌ಪಿ" ಕೊಟ್ಟು ನೋಡಿ, ಬಹಳ ಸಲ ಸರ್ವಿಸ್ 127.0.0.1ಕ್ಕೆ ಮಾತ್ರ ಅಂಟಿಕೊಂಡಿರುತ್ತದೆ.

ರೂಟ್_ಅಲ್ಲ:

ಮುಂದೇನು ಎಂದು ಕೇಳಿದ್ದಿರಲ್ಲ. ಇದೇ ಎರಡು ಯಂತ್ರ ಸಾಕು, ಡಾಕರ್ (ಕಂಟೇನರ್ ನಡೆಸುವ ಉಪಕರಣ) ಸದ್ಯಕ್ಕೆ ಬೇಡ. ಅದು ಫಾರ್ವರ್ಡ್ ಚೈನ್‌ನ ಪಾಲಿಸಿಯನ್ನು ಡ್ರಾಪ್ ಮಾಡಬಹುದು, ಹಾಗಾದರೆ ನೀವು ಇನ್ನೊಂದು ಟೇಬಲ್‌ನಲ್ಲಿ ಆಕ್ಸೆಪ್ಟ್ ಬರೆದರೂ ಆ ಡ್ರಾಪ್ ತಪ್ಪುವುದಿಲ್ಲ. ಕಲಿಕೆಯ ರೂಟರ್‌ನಲ್ಲಿ ಈ ತಲೆನೋವು ಯಾಕೆ?

ರೂಟರ್ ವಿಎಂನಲ್ಲಿ ಡಿಎನ್‌ಎಸ್‌ಮಾಸ್ಕ್ (ಡಿಎನ್‌ಎಸ್ ಜೊತೆಗೆ, ವಿಳಾಸ ಹಂಚುವ ಡಿಎಚ್‌ಸಿಪಿ ಕೆಲಸವನ್ನೂ ಮಾಡುವ ಸರ್ವರ್) ಹಾಕಿ, ಕ್ಲೈಂಟ್‌ಗೆ ವಿಳಾಸ, ಗೇಟ್‌ವೇ, ನೇಮ್‌ಸರ್ವರ್ ಮೂರೂ ಅಲ್ಲಿಂದಲೇ ಸಿಗಲಿ. ಒಳಗಿನ ಕಾರ್ಡ್‌ಗೆ ಮಾತ್ರ ಕೇಳುವಂತೆ ಕಟ್ಟಿಹಾಕಿ. ಇಲ್ಲದಿದ್ದರೆ ಬ್ರಿಜ್ಡ್ ಕಾರ್ಡ್ ಕಡೆ ನಿಮ್ಮ ಡಿಎಚ್‌ಸಿಪಿ ಉತ್ತರ ಹೋಗಿ, ಮನೆಯ ಫೋನ್‌ಗಳಿಗೆಲ್ಲ ತಪ್ಪು ಗೇಟ್‌ವೇ ಸಿಗಬಹುದು.

ಆಮೇಲೆ ಎಸ್‌ಎಸ್‌ಎಚ್, ಅಂದರೆ ದೂರದಿಂದ ಪಾಸ್‌ವರ್ಡ್ ಅಥವಾ ಕೀ ಬಳಸಿ ಲಾಗಿನ್ ಆಗುವುದು. ಡಾಟ್ ಎಸ್‌ಎಸ್‌ಎಚ್ ಡೈರೆಕ್ಟರಿಗೆ 700, ಅಥರೈಸ್ಡ್ ಕೀಸ್ ಫೈಲ್‌ಗೆ 600 ಅನುಮತಿ. ಹೋಮ್ ಡೈರೆಕ್ಟರಿಗೆ ಗ್ರೂಪ್‌ನವರು ಬರೆಯಬಹುದಾಗಿದ್ದರೂ ಕೀ ತಿರಸ್ಕೃತವಾಗುತ್ತದೆ. ಕಾರಣ ಕ್ಲೈಂಟ್‌ಗೆ ಕಾಣುವುದಿಲ್ಲ, ಸರ್ವರ್‌ನ ಜರ್ನಲ್‌ನಲ್ಲಿ ಇರುತ್ತದೆ. ಪಾಸ್‌ವರ್ಡ್ ಲಾಗಿನ್ "ನೋ" ಮಾಡಿದರೂ ನಿಲ್ಲದಿದ್ದರೆ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಡಾಟ್ ಡಿ ಡೈರೆಕ್ಟರಿ ನೋಡಿ. ಒಂದೇ ಆಯ್ಕೆ ಎರಡು ಕಡೆ ಇದ್ದರೆ ಮೊದಲು ಓದಿದ್ದೇ ಗೆಲ್ಲುತ್ತದೆ, ಡೆಬಿಯನ್‌ನಲ್ಲಿ ಆ ಡೈರೆಕ್ಟರಿಯನ್ನೇ ಮೊದಲು ಓದುವುದು. ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ "ಟಿ" ಕೊಟ್ಟರೆ ಅಂತಿಮವಾಗಿ ಜಾರಿಯಲ್ಲಿರುವ ಬೆಲೆಗಳು ಸಿಗುತ್ತವೆ, ಚಿಕ್ಕಕ್ಷರದ "ಟಿ" ಬರೀ ತಪ್ಪು ಹುಡುಕುತ್ತದೆ.

ದೂರದ ಯಂತ್ರದಲ್ಲಿ ಫೈರ್‌ವಾಲ್ ಪ್ರಯೋಗಿಸುವಾಗ ಕಾನ್ಫ್ ಫೈಲ್ ಮುಟ್ಟದೆ, ಹೊಸ ನಿಯಮಗಳನ್ನು ಬೇರೆ ಫೈಲ್‌ನಿಂದ ಲೋಡ್ ಮಾಡಿ. ಅದಕ್ಕೂ ಮೊದಲು 5 ನಿಮಿಷಕ್ಕೆ ರೀಬೂಟ್ ನಿಗದಿ ಮಾಡಿಡಿ: ಶಟ್‌ಡೌನ್‌ಗೆ "ಆರ್" ಆಯ್ಕೆ, ಜೊತೆಗೆ +5. ನಿಯಮ ತಪ್ಪಿ ನೀವು ಹೊರಗುಳಿದರೆ ಯಂತ್ರ ತಾನೇ ಎದ್ದು ಹಳೆಯ ನಿಯಮಕ್ಕೆ ಮರಳುತ್ತದೆ. ಎಲ್ಲ ಸರಿಯಿದ್ದರೆ, ಹೊಸದೊಂದು ಸೆಷನ್‌ನಿಂದ ಲಾಗಿನ್ ಆಗಿ ನೋಡಿದ ಮೇಲೆಯೇ, "ಸಿ" ಆಯ್ಕೆ ಕೊಟ್ಟು ರೀಬೂಟ್ ರದ್ದು ಮಾಡಿ. ಮೊದಲೇ ತೆರೆದಿದ್ದ ಸೆಷನ್ ನಡೆಯುತ್ತಿದೆ ಎಂದು ನಂಬಬೇಡಿ, ಎಸ್ಟಾಬ್ಲಿಷ್ಡ್ ನಿಯಮದಿಂದ ಅದು ಉಳಿದಿರಬಹುದು.