ಮೋಟರ್‌ಹೋಮ್ ಛಾವಣಿ ಎಸಿ: ಫ್ಯಾನ್ ತಿರುಗುತ್ತೆ, ಕಂಪ್ರೆಸರ್ ಗುಂಯ್ ಅಂದು ನಿಂತುಬಿಡುತ್ತೆ

ಪ್ರಶ್ನೆ:
ತಣಿಸುವ ಶಕ್ತಿ 13,500 ಬಿಟಿಯು ಇರುವ ಯೂನಿಟ್, 115 ವೋಲ್ಟ್, 60 ಹರ್ಟ್ಜ್. ಫ್ಯಾನ್‌ಗೆ ಏನೂ ತೊಂದರೆಯಿಲ್ಲ. ಕೂಲ್‌ಗೆ ಹಾಕಿದರೆ ಕಂಪ್ರೆಸರ್ ಏಳೆಂಟು ಸೆಕೆಂಡ್ ಗುಂಯ್ ಅನ್ನುತ್ತೆ, ಆಮೇಲೆ ಟಕ್ ಅಂತ ಶಬ್ದವಾಗಿ ಸುಮ್ಮನಾಗುತ್ತೆ. ಎರಡು ಮೂರು ನಿಮಿಷ ಬಿಟ್ಟು ಮತ್ತೆ ಅದೇ ಕಥೆ. ಕೆಲವು ಸಲ 20 ಆಂಪ್ ಬ್ರೇಕರ್ ಕೂಡ ಬೀಳುತ್ತೆ. ರಾತ್ರಿ ತಂಪಾದ ಮೇಲೆ ಒಂದೊಂದು ಸಲ ಸ್ಟಾರ್ಟ್ ಆಗಿಬಿಡುತ್ತೆ. ರಿಪೇರಿಗೆ ತೋರಿಸಿದರೆ ಕಂಪ್ರೆಸರ್ ಹೋಗಿದೆ, ಇಡೀ ಯೂನಿಟ್ಟೇ ಬದಲಿಸಿ ಅಂದರು. ನಿಜವಾ?

ಉತ್ತರ:
ಇಷ್ಟರಿಂದಲೇ ಕಂಪ್ರೆಸರ್ ಹೋಗಿದೆ ಅನ್ನೋಕಾಗಲ್ಲ. ರಾತ್ರಿ ಸ್ಟಾರ್ಟ್ ಆಗುತ್ತೆ ಅನ್ನೋದೇ ಒಳ್ಳೇ ಸುಳಿವು. ಸುಟ್ಟ ವೈಂಡಿಂಗ್ (ಮೋಟರಿನ ತಂತಿ ಸುರುಳಿ) ಕತ್ತಲಾದ ತಕ್ಷಣ ಸರಿಹೋಗಲ್ಲ. ಹೊರಗೆ ತಂಪಾದರೆ ಕಂಡೆನ್ಸರ್ (ಬಿಸಿಯನ್ನು ಹೊರಗೆ ಬಿಡುವ ಕಾಯಿಲ್) ಕಡೆಯ ಗ್ಯಾಸಿನ ಒತ್ತಡ ಇಳಿಯುತ್ತೆ, ಅಕ್ಕಪಕ್ಕದ ಗಾಡಿಗಳ ಎಸಿ ನಿಂತರೆ ಲೈನಿನ ವೋಲ್ಟೇಜೂ ಏರುತ್ತೆ. ಎರಡರಲ್ಲೂ ಸ್ಟಾರ್ಟ್ ಆಗೋದು ಸುಲಭ. ಅಂದರೆ ನಿಮ್ಮ ಮೋಟರಿಗೆ ಮೊದಲ ನೂಕು ಸಾಲುತ್ತಿಲ್ಲ.

ಮೊದಲು ವೋಲ್ಟೇಜ್ ನೋಡಿ. ಗಾಡಿಯ ಒಳಗಿನ ಸಾಕೆಟ್‌ಗೆ ಮಲ್ಟಿಮೀಟರ್ ಹಾಕಿ ಮೂರು ಸಲ ಬರೆದುಕೊಳ್ಳಿ: ಎಸಿ ಆಫ್ ಇದ್ದಾಗ, ಬರೀ ಫ್ಯಾನ್ ಇದ್ದಾಗ, ಕಂಪ್ರೆಸರ್ ಗುಂಯ್ ಅನ್ನುವಾಗ. ಇಂಥ ಮೋಟರಿನ ಸ್ಟಾರ್ಟಿಂಗ್ ಬಲ ವೋಲ್ಟೇಜಿನ ವರ್ಗದ (ಸ್ಕ್ವೇರ್) ಲೆಕ್ಕದಲ್ಲಿ ಕುಸಿಯುತ್ತೆ. ವೋಲ್ಟೇಜ್ 10% ಇಳಿದರೆ ಬಲ 19% ಹೋಯಿತು. ಉದ್ದನೆಯ ಸಣ್ಣ ಎಕ್ಸ್‌ಟೆನ್ಷನ್ ವೈರು, ಕಪ್ಪಾದ ಪ್ಲಗ್ ಪಿನ್ನು, ಇವೇ ಸಾಮಾನ್ಯ ಕಾರಣ. ಪ್ಲಗ್ ಮುಟ್ಟಿದರೆ ಬಿಸಿ ಅನ್ನಿಸಿದರೆ ತಪ್ಪು ಅಲ್ಲೇ ಇದೆ.

ಇನ್ನೊಂದು. ಒಂದು ಸಲ ನಿಂತ ಮೇಲೆ ಕನಿಷ್ಠ ಐದು ನಿಮಿಷ ಬಿಟ್ಟೇ ಮತ್ತೆ ಹಾಕಿ. ಒಳಗಿನ ಎರಡೂ ಕಡೆಯ ಗ್ಯಾಸಿನ ಒತ್ತಡ ಸಮವಾಗುವ ಮೊದಲೇ ಹಾಕಿದರೆ ಒಳ್ಳೇ ಕಂಪ್ರೆಸರ್ ಕೂಡ ಹೀಗೇ ಒದ್ದಾಡುತ್ತೆ.

ಪ್ರಶ್ನೆ ಕೇಳಿದವರು:
ಆಫ್ ಇದ್ದಾಗ 121, ಫ್ಯಾನ್ ಮಾತ್ರ ಇದ್ದಾಗ 119, ಗುಂಯ್ ಅನ್ನುವಾಗ 111. ಕ್ಲ್ಯಾಂಪ್ ಮೀಟರ್‌ನಲ್ಲಿ ಆ ಹೊತ್ತಿಗೆ 56 ಆಂಪ್ ತೋರಿಸಿತು.

ಉತ್ತರ:
ವೋಲ್ಟೇಜ್ ಪರವಾಗಿಲ್ಲ. 56 ಆಂಪ್ ಅಂದರೆ ರೋಟರ್ (ಮೋಟರಿನ ತಿರುಗುವ ಭಾಗ) ಅಲುಗಾಡದೆ ನಿಂತಿದೆ ಅಂತ. ಇನ್ನು ಮೇಲೆ ಹತ್ತಲೇಬೇಕು.

ಹತ್ತುವ ಮೊದಲು ಬ್ರೇಕರ್ ಇಳಿಸಿದರೆ ಸಾಲದು. ಹೊರಗಿನ ಕರೆಂಟಿನ ಪ್ಲಗ್ ಕಿತ್ತಿಡಿ, ಜನರೇಟರ್ ತಾನಾಗೇ ಸ್ಟಾರ್ಟ್ ಆಗುವ ವ್ಯವಸ್ಥೆ ಇದ್ದರೆ ಆಫ್ ಮಾಡಿ, ಇನ್ವರ್ಟರ್ ಕೂಡ. ಮೇಲಿನ ಪ್ಲಾಸ್ಟಿಕ್ ಮುಚ್ಚಳದ ಸ್ಕ್ರೂ ನಿಧಾನವಾಗಿ ಬಿಚ್ಚಿ. ಬಿಸಿಲಿಗೆ ಒಣಗಿದ ಪ್ಲಾಸ್ಟಿಕ್ ಸ್ಕ್ರೂ ತೂತಿನ ಹತ್ತಿರವೇ ಸೀಳುತ್ತೆ. ಕರೆಂಟಿನ ಡಬ್ಬಿ ತೆಗೆದ ಕೂಡಲೇ, ಒಂದು ವೈರೂ ಎಳೆಯುವ ಮೊದಲು, ಫೋಟೋ ತೆಗೆದುಕೊಳ್ಳಿ.

ಒಳಗೆ ಎರಡು ಕೆಪಾಸಿಟರ್ (ಚಾರ್ಜ್ ಹಿಡಿದಿಟ್ಟು ಮೋಟರಿಗೆ ನೆರವಾಗುವ ಬಿಡಿಭಾಗ) ಸಿಗುತ್ತವೆ. ಲೋಹದ ಡಬ್ಬಿಯದು ರನ್ ಕೆಪಾಸಿಟರ್. ಸಾಮಾನ್ಯವಾಗಿ ಒಂದೇ ಡಬ್ಬಿಯಲ್ಲಿ ಕಂಪ್ರೆಸರ್‌ಗೂ ಫ್ಯಾನ್‌ಗೂ ಸೇರಿಸಿರುತ್ತಾರೆ. ಕಪ್ಪು ಪ್ಲಾಸ್ಟಿಕ್‌ನದು ಸ್ಟಾರ್ಟ್ ಕೆಪಾಸಿಟರ್. ಅದರ ಜೊತೆಗೆ ಬೆಂಕಿಪೊಟ್ಟಣದಷ್ಟು ದಪ್ಪದ ಪಿಟಿಸಿ ರಿಲೇ (ಸ್ಟಾರ್ಟ್ ಕೆಪಾಸಿಟರನ್ನು ಬಿಡಿಸುವ ಸ್ವಿಚ್) ಇರುತ್ತೆ. ಕರೆಂಟು ಕಿತ್ತರೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತೆ. 20,000 ಓಮ್, 5 ವ್ಯಾಟ್ ರೆಸಿಸ್ಟರನ್ನು ಇನ್ಸುಲೇಷನ್ ಇರುವ ಕ್ಲಿಪ್‌ನಲ್ಲಿ ಹಿಡಿದು ಟರ್ಮಿನಲ್‌ಗಳಿಗೆ ಹತ್ತು ಸೆಕೆಂಡ್ ಒತ್ತಿ, ಮೀಟರ್‌ನಲ್ಲಿ ಸೊನ್ನೆ ಬಂದದ್ದು ನೋಡಿಯೇ ಕೈ ಹಾಕಿ. ಸ್ಕ್ರೂಡ್ರೈವರ್ ಅಡ್ಡ ಹಿಡಿದು ಕಿಡಿ ಹಾರಿಸೋದು ಬೇಡ.

ವೈರು ಬಿಡಿಸಿ ಮೈಕ್ರೋಫ್ಯಾರಡ್ (ಕೆಪಾಸಿಟರ್‌ನ ಅಳತೆ) ಅಳೆಯಿರಿ. ರನ್ ಕೆಪಾಸಿಟರ್ ಮೇಲೆ 45+5, ±6% ಅಂತಿದ್ದರೆ ಕಂಪ್ರೆಸರ್ ಭಾಗ 42.3ರಿಂದ 47.7ರ ಒಳಗೆ, ಫ್ಯಾನ್ ಭಾಗ 4.7ರಿಂದ 5.3ರ ಒಳಗೆ ಬರಬೇಕು. ಸ್ಟಾರ್ಟ್ ಕೆಪಾಸಿಟರ್ ಮೇಲೆ 88–108 ಥರ ವ್ಯಾಪ್ತಿಯನ್ನೇ ಬರೆದಿರುತ್ತಾರೆ. ಪಿಟಿಸಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಣಗಿದ ಕಾಯಿಯೊಳಗೆ ಬೀಜ ಆಡಿದ ಹಾಗೆ ಗಲಗಲ ಅಂದರೆ ಒಳಗಿನ ಬಿಲ್ಲೆ ಒಡೆದಿದೆ.

ಹಾಗೇ ಕಂಪ್ರೆಸರ್‌ನ ಮೂರು ಪಿನ್ ಮಧ್ಯೆ ಓಮ್ ನೋಡಿ. ಕಾಮನ್–ರನ್, ಕಾಮನ್–ಸ್ಟಾರ್ಟ್, ಈ ಎರಡನ್ನೂ ಕೂಡಿಸಿದಷ್ಟೇ ರನ್–ಸ್ಟಾರ್ಟ್ ಮಧ್ಯೆ ಬರಬೇಕು. ಯಾವ ಪಿನ್ನಿಂದಲೂ ಲೋಹದ ಮೈಗೆ ಏನೂ ತೋರಿಸಬಾರದು. ರನ್–ಸ್ಟಾರ್ಟ್ ಬರುತ್ತೆ, ಕಾಮನ್‌ನಿಂದ ಎರಡಕ್ಕೂ ಓಪನ್ ಅಂದರೆ ಗಾಬರಿ ಬೇಡ, ಒಳಗಿನ ಓವರ್‌ಲೋಡ್ (ಅತಿ ಬಿಸಿಯಾದರೆ ಕರೆಂಟು ಕಡಿಯುವ ಸ್ವಿಚ್) ಬಿಸಿಗೆ ಬಿಟ್ಟುಕೊಂಡಿರಬಹುದು. ಪೂರ್ತಿ ತಣ್ಣಗಾಗಲು ಒಂದೆರಡು ಗಂಟೆಯೂ ಬೇಕಾಗುತ್ತೆ. ಆಮೇಲೆ ಮತ್ತೆ ಅಳೆಯಿರಿ. ಒಳ್ಳೇ ಕಂಪ್ರೆಸರ್‌ಗಳು ಗುಜರಿಗೆ ಹೋಗೋದು ಈ ಜಾಗದಲ್ಲೇ.

ಪ್ರಶ್ನೆ ಕೇಳಿದವರು:
ರನ್ 44.6, ಫ್ಯಾನ್ 4.9. ಸ್ಟಾರ್ಟ್ ಕೆಪಾಸಿಟರ್ 88–108 ಇರಬೇಕಾದದ್ದು 31, ತಳದಲ್ಲಿ ಜಿಡ್ಡು. ಪಿಟಿಸಿ ಗಲಗಲ ಅನ್ನುತ್ತೆ. ಓಮ್ 0.7, 2.4, 3.1, ಮೈಗೆ ಏನಿಲ್ಲ. ಹೊಸ ಕೆಪಾಸಿಟರ್ ಮೇಲೆ ಬರೆದ ವೋಲ್ಟ್ ಜಾಸ್ತಿ ಇದ್ದರೆ ನಡೆಯುತ್ತಾ?

ಉತ್ತರ:
ವೋಲ್ಟ್ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಮೈಕ್ರೋಫ್ಯಾರಡ್ ಮಾತ್ರ ಮೊದಲಿನಷ್ಟೇ ಇರಲಿ. ಪಿಟಿಸಿಯನ್ನೂ ಜೊತೆಗೇ ಬದಲಿಸಿ. ಅದರ ಕೆಲಸ ಮೋಟರ್ ಎದ್ದ ಕೂಡಲೇ ಸ್ಟಾರ್ಟ್ ಕೆಪಾಸಿಟರನ್ನು ಸರ್ಕ್ಯೂಟಿನಿಂದ ಬಿಡಿಸೋದು. ಅದು ಬಿಡಿಸದೇ ಹೋದರೆ ಹೊಸ ಕೆಪಾಸಿಟರೂ ಉಬ್ಬುತ್ತೆ.

ಪ್ರಶ್ನೆ ಕೇಳಿದವರು:
ಎರಡೂ ಹಾಕಿದೆ, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. 12.8 ಆಂಪ್; ಯೂನಿಟ್ಟಿನ ವಿವರದ ಪ್ಲೇಟಿನ ಮೇಲೆ 13.3 ಇದೆ. ಆದರೆ ತಂಪು ಕಡಿಮೆ. ಒಳಹೋಗುವ ಗಾಳಿಗೂ ಹೊರಬರುವ ಗಾಳಿಗೂ 6 ಡಿಗ್ರಿ ಸೆಲ್ಸಿಯಸ್ ಅಷ್ಟೇ ವ್ಯತ್ಯಾಸ. ಎರಡು ಗಂಟೆ ಓಡಿದ ಮೇಲೆ ಗಾಳಿ ಸಣ್ಣಗಾಯಿತು. ತೆಗೆದು ನೋಡಿದರೆ ಇವಾಪರೇಟರ್ ಕಾಯಿಲ್ (ಗಾಳಿ ತಣಿಸುವ ಒಳಗಿನ ಕಾಯಿಲ್) ಪೂರ್ತಿ ಮಂಜುಗಡ್ಡೆ. ಗ್ಯಾಸ್ ತುಂಬಿಸಬೇಕಾ?

ಉತ್ತರ:
ಬೇಡ. ಗ್ಯಾಸ್ ಸೋರಿದ್ದರೆ ಆಂಪ್ ಪ್ಲೇಟಿಗಿಂತ ಚೆನ್ನಾಗಿ ಕೆಳಗಿರುತ್ತಿತ್ತು, ಮಂಜು ಕಾಯಿಲ್‌ನ ಒಂದು ಮೂಲೆಯಲ್ಲಿ, ಗ್ಯಾಸ್ ಒಳಬರುವ ಕಡೆ ಮಾತ್ರ ಕಟ್ಟುತ್ತಿತ್ತು. ನಿಮ್ಮದು ಪೂರ್ತಿ ಕಟ್ಟಿದೆ, ಇದು ಗಾಳಿಯ ಸಮಸ್ಯೆ. ಈ ಯೂನಿಟ್‌ಗಳನ್ನು ಕಾರ್ಖಾನೆಯಲ್ಲೇ ಸೀಲ್ ಮಾಡಿರುತ್ತಾರೆ, ಗ್ಯಾಸ್ ತುಂಬಲು ವಾಲ್ವೇ ಇರೋದಿಲ್ಲ. ಪೈಪಿಗೆ ತೂತು ಹಾಕಿ ವಾಲ್ವ್ ಕೂರಿಸಿದರೆ ಹೊಸದೊಂದು ಸೋರಿಕೆಯ ಜಾಗ ಮಾಡಿಕೊಂಡ ಹಾಗೆ.

ಬರೀ ಫ್ಯಾನ್ ಹಾಕಿ ಮಂಜು ಕರಗಿಸಿ. ಒಳಗಿನ ಸೀಲಿಂಗ್ ಪ್ಯಾನಲ್ ಬಿಚ್ಚಿ, ಫಿಲ್ಟರ್ ತೊಳೆದು, ಟಾರ್ಚ್ ಹಿಡಿದು ಮೇಲೆ ನೋಡಿ. ಛಾವಣಿಯ ಚೌಕ ತೂತಿನಲ್ಲಿ ಒಂದು ಅಡ್ಡಗೋಡೆ ಇರುತ್ತೆ: ಒಂದು ಕಡೆ ಬಿಸಿ ಗಾಳಿ ಮೇಲೆ ಹೋಗಬೇಕು, ಇನ್ನೊಂದು ಕಡೆ ತಣ್ಣಗಿನದು ಡಕ್ಟ್‌ಗೆ ಬರಬೇಕು. ಆ ಗೋಡೆಯ ಅಂಚು ಬಿಟ್ಟುಕೊಂಡಿದ್ದರೆ ತಣ್ಣನೆ ಗಾಳಿ ರೂಮಿಗೆ ಬರದೆ ಮತ್ತೆ ಕಾಯಿಲ್‌ಗೇ ಹೋಗುತ್ತೆ. ಮೊದಲೇ ತಣ್ಣಗಿರುವ ಗಾಳಿಯನ್ನು ಮತ್ತೆ ತಣಿಸಿದರೆ ಮಂಜು ಕಟ್ಟದೆ ಇನ್ನೇನು? ಪ್ಲಾಸ್ಟಿಕ್ ಗ್ರಿಲ್ಲಿನ ಹತ್ತಿರದ ಉಷ್ಣತೆ ಮತ್ತು ಕಾಯಿಲ್‌ಗೆ ನೇರ ಕೆಳಗಿನ ಉಷ್ಣತೆ ಹೋಲಿಸಿ. ಕಾಯಿಲ್ ಹತ್ತಿರ ಮೂರು ನಾಲ್ಕು ಡಿಗ್ರಿ ಕಡಿಮೆ ಇದ್ದರೆ ಸಂದಿ ಇದ್ದೇ ಇದೆ. ಅಲ್ಯೂಮಿನಿಯಂ ಫಾಯಿಲ್ ಟೇಪ್‌ನಲ್ಲಿ ಮುಚ್ಚಿ. ಬಟ್ಟೆ ಟೇಪಿನ ಅಂಟು ಅಲ್ಲಿ ಉಳಿಯೋದಿಲ್ಲ.

ಕಾಯಿಲ್‌ನ ಫಿನ್ (ತೆಳು ಲೋಹದ ಪಟ್ಟಿ) ಮಧ್ಯೆ ಸಿಕ್ಕಿಸಿದ ಫ್ರೀಜ್ ಸೆನ್ಸರ್ ಕಳಚಿ ನೇತಾಡುತ್ತಿದೆಯಾ ಅದನ್ನೂ ನೋಡಿ. ಮಂಜು ಕಟ್ಟಿದಾಗ ಕಂಪ್ರೆಸರ್ ನಿಲ್ಲಿಸೋದು ಅದೇ.

ಇನ್ನೊಬ್ಬರ ಉತ್ತರ:
ಒಂದು ಮಾತು ಸೇರಿಸುತ್ತೇನೆ. ತೇವ ಜಾಸ್ತಿ ಇರುವ ದಿನ ಲೋ ಫ್ಯಾನ್‌ನಲ್ಲಿ ಓಡಿಸಿದರೆ ಎಲ್ಲ ಸರಿಯಿದ್ದರೂ ಮಂಜು ಕಟ್ಟಬಹುದು, ಹೈನಲ್ಲೇ ಇಡಿ. ಮೇಲೆ ಹತ್ತಿದ್ದೀರಲ್ಲ, ಕಂಡೆನ್ಸರ್ ಕಾಯಿಲ್ ಕೂಡ ತೊಳೆದುಬಿಡಿ. ಸಾದಾ ಪೈಪಿನ ನೀರು ಸಾಕು. ಪ್ರೆಷರ್ ವಾಷರ್ ಹಿಡಿದರೆ ಫಿನ್ ಮಲಗಿಬಿಡುತ್ತವೆ. ಕರೆಂಟಿನ ಡಬ್ಬಿ, ಮೋಟರ್ ಮುಚ್ಚಿಕೊಳ್ಳಿ.

ಪ್ರಶ್ನೆ ಕೇಳಿದವರು:
ಅಡ್ಡಗೋಡೆಯ ಮೇಲಂಚಿನಲ್ಲಿ ಎರಡು ಬೆರಳಿನಷ್ಟು ಸಂದಿ ಇತ್ತು, ಸೆನ್ಸರೂ ಹೊರಗೆ ಬಿದ್ದಿತ್ತು. ಈಗ ವ್ಯತ್ಯಾಸ 10.5 ಡಿಗ್ರಿ, ನಾಲ್ಕು ಗಂಟೆ ಓಡಿದರೂ ಮಂಜಿಲ್ಲ. ಸಣ್ಣ ಜನರೇಟರ್‌ನಲ್ಲಿ ಓಡಿಸಲು ಸಾಫ್ಟ್ ಸ್ಟಾರ್ಟರ್ ಹಾಕಬಹುದಾ?

ಉತ್ತರ:
9ರಿಂದ 12 ಡಿಗ್ರಿ ಬಂದರೆ ಸರಿಯಾಗಿದೆ ಅಂತಲೇ ಲೆಕ್ಕ. ಸಾಫ್ಟ್ ಸ್ಟಾರ್ಟರ್ ಹಾಕಬಹುದು, ಆದರೆ ಅದು ಇಳಿಸೋದು ಸ್ಟಾರ್ಟ್ ಆಗುವಾಗಿನ ಆಂಪ್ ಮಾತ್ರ. ಓಡುವಾಗ 12.8 ಆಂಪ್ ಹಾಗೇ ಇರುತ್ತೆ, ಅಂದರೆ ಸುಮಾರು 1,500 ವ್ಯಾಟ್. ಜನರೇಟರ್ ಅಷ್ಟನ್ನು ಬಿಡದೆ ಕೊಡಬೇಕು. ಹಾಕುವಾಗ ಈಗ ಕೂರಿಸಿದ ಸ್ಟಾರ್ಟ್ ಕೆಪಾಸಿಟರ್, ಪಿಟಿಸಿ ಎರಡನ್ನೂ ಸಾಮಾನ್ಯವಾಗಿ ಬಿಡಿಸಬೇಕಾಗುತ್ತೆ, ಅದರ ಜೊತೆ ಬಂದ ವೈರಿಂಗ್ ಚಿತ್ರ ನೋಡಿಕೊಳ್ಳಿ. ಬಿಡಿಸಿದ್ದನ್ನು ಎಸೆಯಬೇಡಿ, ಗಾಡಿಯಲ್ಲೇ ಇಟ್ಟಿರಿ.