ಮಾತ್ರೆಗಳ ಸಂಖ್ಯೆ ಹೆಚ್ಚಾದರೆ ಎಚ್‌ಐವಿ ಚಿಕಿತ್ಸೆಯ ಫಲ ಕುಗ್ಗುತ್ತದೆಯೇ?

ಪ್ರಶ್ನೆ (ಮಂಡ್ಯದಿಂದ)

ನಮ್ಮ ಸೋದರಮಾವನವರು ಹಲವು ವರ್ಷಗಳಿಂದ ಎಆರ್‌ಟಿ (ಎಚ್‌ಐವಿ ವೈರಸ್ಸನ್ನು ಅಡಗಿಸಿಡುವ ಔಷಧ) ಚಿಕಿತ್ಸೆಯಲ್ಲಿದ್ದು, ರಾತ್ರಿ ಊಟವಾದ ಮೇಲೆ ಡೊಲುಟೆಗ್ರಾವಿರ್ ಸೇರಿ ಮೂರು ಎಚ್‌ಐವಿ ಔಷಧಗಳಿರುವ ಒಂದೇ ಒಂದು ಟಿಎಲ್‌ಡಿ ಮಾತ್ರೆ ನುಂಗಿ ನಿಶ್ಚಿಂತೆಯಾಗಿದ್ದರು. ಈಚೆಗೆ ಕ್ಷಯ ಪತ್ತೆಯಾದ ಮೇಲೆ ಲೆಕ್ಕ ಹತ್ತಕ್ಕೆ ಏರಿದೆ: ಕ್ಷಯಕ್ಕೆ ಮೂರು, ಬೆಳಿಗ್ಗೆ ಇನ್ನೊಂದು ಡೊಲುಟೆಗ್ರಾವಿರ್, ಬೇರೆ ಸೋಂಕು ತಗಲದಂತೆ ಕೋಟ್ರೈಮಾಕ್ಸಜೋಲ್, ಬಿ6 ವಿಟಮಿನ್, ಸಕ್ಕರೆ ಕಾಯಿಲೆಗೆ ಎರಡು ಹೊತ್ತು ಮೆಟ್‌ಫಾರ್ಮಿನ್, ಬಿಪಿಗೆ ಒಂದು. ಆಲೆಮನೆಯ ಕೆಲಸದ ನಡುವೆ ಇಷ್ಟನ್ನು ಯಾರ ಕಣ್ಣಿಗೂ ಬೀಳದಂತೆ ನುಂಗುವುದು ಅವರಿಗೆ ದೊಡ್ಡ ತಲೆನೋವು. "ರಾತ್ರಿಯ ಮಾತ್ರೆಯಲ್ಲೇ ಡೊಲುಟೆಗ್ರಾವಿರ್ ಇದೆಯಲ್ಲ, ಬೆಳಿಗ್ಗೆಯದು ಯಾಕೆ?" ಎಂದು ಅದೊಂದನ್ನು ಬಿಡಲು ಹೊರಟಿದ್ದಾರೆ. ಮಾತ್ರೆ ಹೆಚ್ಚಾದಷ್ಟೂ ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ ಎಂಬ ಮಾತು ನಿಜವೇ? ಬಿಡುವುದಾದರೆ ಯಾವುದನ್ನು ಬಿಡಬಹುದು?

ಉತ್ತರ 1 (ಎಆರ್‌ಟಿ ಕೇಂದ್ರವೊಂದರಲ್ಲಿ ಔಷಧ ವಿತರಿಸುತ್ತಿದ್ದವನು, ಮೈಸೂರು)

ಆ ಮಾತಿನಲ್ಲಿ ಹುರುಳಿದೆ. 19 ಪ್ರಯೋಗಗಳ ಆರು ಸಾವಿರಕ್ಕೂ ಹೆಚ್ಚು ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ದಿನದ ಮಾತ್ರೆಗಳು ಹೆಚ್ಚಾದಂತೆ ತಪ್ಪದೆ ಸೇವಿಸುವವರೂ ವೈರಸ್ ಹತೋಟಿಯಲ್ಲಿರುವವರೂ ಕಡಿಮೆಯಾಗಿದ್ದು ಕಂಡುಬಂತು. ದಿನಕ್ಕೆ ಎರಡು ಹೊತ್ತಿನ ಬದಲು ಒಂದೇ ಹೊತ್ತು ಕೊಟ್ಟಾಗ ಸೇವನೆಯ ಕ್ರಮ ತುಸು ಸುಧಾರಿಸಿತೇ ಹೊರತು ವೈರಸ್ ಹತೋಟಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಾಗಲಿಲ್ಲ. ಮಾತ್ರೆ ಹೆಚ್ಚಾದ ಮಾತ್ರಕ್ಕೆ ಔಷಧದ ಗುಣ ಕೆಡುವುದಿಲ್ಲ. ಬೇಸತ್ತವರು ಯಾವುದೋ ಒಂದನ್ನು ಬಿಡುತ್ತಾರೆ, ಕೆಡುಕು ಅಲ್ಲಿಂದ ಶುರುವಾಗುತ್ತದೆ.

ನಿಮ್ಮ ಮಾವನವರು ಬಿಡಲು ಆರಿಸಿಕೊಂಡಿರುವುದಂತೂ ಬಿಡಲೇಬಾರದ ಮಾತ್ರೆ. ಕ್ಷಯದ ರಿಫಾಂಪಿಸಿನ್ ಯಕೃತ್ತನ್ನು ಪ್ರಚೋದಿಸಿ ಡೊಲುಟೆಗ್ರಾವಿರ್ ಬೇಗ ಕರಗಿಹೋಗುವಂತೆ ಮಾಡುವುದರಿಂದ, ರಾತ್ರಿಯ 50 ಮಿಲಿಗ್ರಾಂ ಮರುದಿನದ ತನಕ ಸಾಲುವುದಿಲ್ಲ. ಆ ಕೊರತೆ ತುಂಬಲೆಂದೇ ಹನ್ನೆರಡು ಗಂಟೆಗಳ ಅಂತರದಲ್ಲಿ ಇನ್ನೊಂದು 50 ಮಿಲಿಗ್ರಾಂ ಕೊಡುತ್ತಾರೆ. ಅದನ್ನು ಬಿಟ್ಟರೆ ವೈರಸ್ ಅರೆಬರೆ ಔಷಧದ ನಡುವೆ ಬೆಳೆಯುತ್ತಾ ಪ್ರತಿರೋಧ ಗಳಿಸಿಕೊಳ್ಳಬಹುದು.

ಉಳಿದವುಗಳಲ್ಲೂ ಮನೆಯಲ್ಲಿ ಕುಳಿತು ತೆಗೆದುಹಾಕುವಂಥದ್ದಿಲ್ಲ. ಕೋಟ್ರೈಮಾಕ್ಸಜೋಲ್ ಅನ್ನು ಸಿಡಿ4 (ರೋಗನಿರೋಧಕ ರಕ್ತಕಣಗಳ) ಎಣಿಕೆ 350 ದಾಟಿ ನೆಲೆನಿಂತ ಮೇಲೆ ವೈದ್ಯರೇ ನಿಲ್ಲಿಸುತ್ತಾರೆ. ಸಕ್ಕರೆ ಕಾಯಿಲೆಯ ವೈದ್ಯರಿಗೆ ಡೊಲುಟೆಗ್ರಾವಿರ್ ವಿಷಯ ತಿಳಿದಿರಲೇಬೇಕು. ಅದು ರಕ್ತದಲ್ಲಿ ಮೆಟ್‌ಫಾರ್ಮಿನ್ ಮಟ್ಟವನ್ನು ಏರಿಸುವುದರಿಂದ ದಿನದ ಪ್ರಮಾಣ ಸಾಮಾನ್ಯವಾಗಿ 1000 ಮಿಲಿಗ್ರಾಂ ಮೀರಬಾರದು. ಹೊಟ್ಟೆಯುರಿಯ ಆಂಟಾಸಿಡ್ ಕುಡಿಯುವ ಅಭ್ಯಾಸವಿದ್ದರೆ, ಅದಕ್ಕಿಂತ ಎರಡು ಗಂಟೆ ಮೊದಲು ಇಲ್ಲವೇ ಆರು ಗಂಟೆ ನಂತರ ಡೊಲುಟೆಗ್ರಾವಿರ್ ನುಂಗಬೇಕು.

ಉತ್ತರ 2 (ಚಿಕಿತ್ಸೆಯಲ್ಲಿರುವವನು, ಮೈಸೂರು)

ಸರ್ಕಾರ 2004ರಲ್ಲಿ ಉಚಿತ ಎಆರ್‌ಟಿ ಆರಂಭಿಸಿದ ಕಾಲಕ್ಕೆ ಹತ್ತಿರದಲ್ಲೇ ಸೇರಿದವನು ನಾನು. ಆಗ ಸ್ಟಾವುಡಿನ್, ಲಾಮಿವುಡಿನ್, ನೆವಿರಪಿನ್ ಸೇರಿದ ಮಾತ್ರೆಯನ್ನು ಬೆಳಿಗ್ಗೆ, ರಾತ್ರಿ ಎರಡೂ ಹೊತ್ತು ನುಂಗಬೇಕಿತ್ತು. ಕೆನ್ನೆ ಒಳಕ್ಕೆ ಹೋಗಿ ಮುಖವೇ ಕಾಯಿಲೆಯನ್ನು ಊರಿಗೆ ಸಾರುತ್ತಿತ್ತು. ಆಮೇಲೆ ಬಂದ ಎಫಾವಿರೆಂಜ್‌ನಿಂದ ರಾತ್ರಿಯಿಡೀ ವಿಚಿತ್ರ ಕನಸುಗಳು. ಈಗಿನ ಒಂದು ಮಾತ್ರೆಯಲ್ಲೂ ಮೂರು ಔಷಧಗಳಿವೆ, ಹಾಗಾಗಿ ಅದೊಂದು ತಪ್ಪಿದರೆ ಮೂರೂ ತಪ್ಪಿದಂತೆ. "ಒಂದೇ ಅಲ್ಲವೇ" ಎಂದು ಸಡಿಲ ಬಿಡುವವರನ್ನು ನಾನು ಸಾಕಷ್ಟು ನೋಡಿದ್ದೇನೆ.

ಮರೆಮಾಚುವ ವಿಚಾರಕ್ಕೆ ಬಂದರೆ, ಮಾತ್ರೆಗಳನ್ನು ಕಾಗದದಲ್ಲಿ ಕಟ್ಟಿ ಜೇಬಿಗೆ ಹಾಕಿಕೊಳ್ಳುವುದು ಬೇಡ, ಬೆವರಿನ ತೇವಕ್ಕೆ ಕೆಡುತ್ತವೆ. ಡಬ್ಬಿಯ ಚೀಟಿ ಕಿತ್ತರೆ ತೊಂದರೆಯಿಲ್ಲ, ಒಳಗಿನ ತೇವ ಹೀರುವ ಪೊಟ್ಟಣವನ್ನು ಎಸೆಯಬಾರದು. ಡೊಲುಟೆಗ್ರಾವಿರ್‌ನ ಎರಡು ಹೊತ್ತನ್ನೂ ಕೆಲಸಕ್ಕೆ ಹೊರಡುವ ಮುಂಚೆ, ಕೆಲಸ ಮುಗಿಸಿ ಬಂದ ಮೇಲೆ ಎಂದು ಮನೆಯಲ್ಲೇ ಹೊಂದಿಸಿಕೊಳ್ಳಲಿ. ಆಲೆಮನೆಯ ಯಜಮಾನರಿಗೆ ಕಾಯಿಲೆಯ ಹೆಸರು ಹೇಳಬೇಕೆಂಬ ಕಟ್ಟುಪಾಡೂ ಇಲ್ಲ. 2017ರ ಎಚ್‌ಐವಿ ಕಾಯ್ದೆ ಯಾರನ್ನೂ ಬಲವಂತಪಡಿಸಲು ಬಿಡುವುದಿಲ್ಲ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಬೆಳಿಗ್ಗೆಯ ಮಾತ್ರೆ ಯಾಕೆಂದು ವಿವರಿಸಿದ ಮೇಲೆ ಮಾವನವರು ಒಪ್ಪಿದ್ದಾರೆ. ಕ್ಷಯದ ಚಿಕಿತ್ಸೆ ಮುಗಿದ ದಿನವೇ ಅದನ್ನು ನಿಲ್ಲಿಸಬಹುದೇ?

ಉತ್ತರ 1ರವರು

ಅಂದೇ ಬೇಡ. ರಿಫಾಂಪಿಸಿನ್ ನಿಂತ ಮೇಲೂ ಅದರ ಪ್ರಭಾವ ಕೆಲವು ದಿನ ಉಳಿಯುವುದರಿಂದ ಇನ್ನೂ ಎರಡು ವಾರ ಮುಂದುವರಿಸಿ, ಕೇಂದ್ರದ ವೈದ್ಯರು ಹೇಳಿದ ಮೇಲೆ ನಿಲ್ಲಿಸಲಿ. ಕ್ಷಯದ ಮೂರೂ ಅಷ್ಟರಲ್ಲಿ ಮುಗಿದಿರುತ್ತವೆ.