ಮುರಕಲ್ಲು ಹನಿ ಕುಡಿಯುವುದು ಹೇಗೆ?

ಪೆರ್ಲದ ಕೃಷಿಕ:
ನಮ್ಮದು ಸಾರಣೆ ಮಾಡದ ಮುರಕಲ್ಲಿನ, ಅಂದರೆ ತೂತು ತೂತಾದ ಕೆಂಪು ಜಂಬಿಟ್ಟಿಗೆಯ ಮನೆ. ಆಟಿ ತಿಂಗಳ ಮಳೆ ಬಂತೆಂದರೆ ಒಳಗೋಡೆಯೂ ಒದ್ದೆ, ಅಮ್ಮನಿಗೆ ಉಬ್ಬಸ. ನಿನ್ನೆ ಒಣಕಲ್ಲಿನ ಮೇಲೆ ಬೆರಳ ತುದಿಯಿಂದ ಒಂದು ಹನಿ ಬಿಟ್ಟೆ. ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ, ಕಪ್ಪು ಕಲೆ ಮಾತ್ರ ಉಳಿಯಿತು. ಒಲೆ ಪಕ್ಕದ ಜಿಡ್ಡುಗಲ್ಲಿನ ಮೇಲೆ ಬಿಟ್ಟದ್ದು ಮಣಿಯ ಹಾಗೆ ಕೂತೇ ಇತ್ತು. ತೂತು ಎರಡರಲ್ಲೂ ಉಂಟಲ್ಲ?

ಕುಂಬಳೆಯ ಮಾಸ್ಟ್ರು:
ತೂತಿನ ಒಳಮೈ ಹೇಗಿದೆ ಎನ್ನುವುದು ಮುಖ್ಯ. ನೀರು ಅದಕ್ಕೆ ಅಂಟಿ ಹರಡಿದರೆ, ಅಂದರೆ ಹನಿಯ ಅಂಚು ಕಲ್ಲಿನ ಮೈಯೊಂದಿಗೆ ಮಾಡುವ ಕೋನ (ಸಂಪರ್ಕಕೋನ) 90 ಡಿಗ್ರಿಗಿಂತ ಕಡಿಮೆಯಾದರೆ, ಮೇಲ್ಮೈ ಎಳೆತವೇ ಹನಿಯನ್ನು ಒಳಗೆಳೆಯುತ್ತದೆ. ಜಿಡ್ಡಿದ್ದರೆ ಕೋನ ಹೆಚ್ಚಿ ಹನಿ ಹೊರಗೇ ನಿಲ್ಲುತ್ತದೆ. ತೂತು ಕಿರಿದಾದಷ್ಟೂ ಸೆಳೆತ ಜೋರು: 0.1 ಮಿಲಿಮೀಟರ್ ತ್ರಿಜ್ಯದ ಗಾಜಿನ ನಳಿಗೆಯಲ್ಲಿ ನೀರು ಸುಮಾರು 15 ಸೆಂಟಿಮೀಟರ್ ಏರುತ್ತದೆ. ಆದರೆ ಒಳಹೋದಷ್ಟೂ ನಿಧಾನ. ವಾಶ್‌ಬರ್ನ್ ಎಂಬ ವಿಜ್ಞಾನಿ 1921ರಲ್ಲಿ ಕೊಟ್ಟ ಸೂತ್ರದಂತೆ ಇಮ್ಮಡಿ ದೂರಕ್ಕೆ ನಾಲ್ಕು ಪಟ್ಟು ಸಮಯ.

ಪೆರ್ಲದ ಕೃಷಿಕ:
ಹಾಗಾದರೆ ಸಿಮೆಂಟ್ ಬಳಿದರೆ ಸಾಕಾ ಮಾಸ್ಟ್ರೇ?

ಮಂಜೇಶ್ವರದ ಮೇಸ್ತ್ರಿ:
ಸಿಮೆಂಟೂ ಹೀರುತ್ತದೆ ಅಣ್ಣಾ. ಏಪ್ರಿಲ್‌ನಲ್ಲಿ ಕಲ್ಲು ಪೂರ್ತಿ ಒಣಗಿದ ಮೇಲೆ ಹೊರಗೋಡೆಗೆ ಸಿಲೇನ್ ಎಂಬ ಸಿಲಿಕಾನ್ ರಾಸಾಯನಿಕದ ದ್ರಾವಣ ಹಚ್ಚಿ. ತೂತು ಮುಚ್ಚುವುದಿಲ್ಲ, ಒಳಮೈ ನೀರಿಗೆ ಒಗ್ಗದ ಹಾಗೆ ಆಗುತ್ತದೆ. ಒಳಗಿನ ಆವಿಗೆ ಹೊರಗೆ ಹೋಗಲು ದಾರಿಯೂ ಇರುತ್ತದೆ.